ಕಾರಣದ ಕಾಲಂ ಖಾಲಿ ಬಿಡಬೇಡಿ: ರಿಜಿಸ್ಟ್ರಾರ್ ಜನರಲ್ ಅವರಿಗೊಂದು ಬಹಿರಂಗ ಪತ್ರ

ಭಾರತದ ರಿಜಿಸ್ಟ್ರಾರ್ ಜನರಲ್ ಮತ್ತು ಜನಗಣತಿ ಆಯುಕ್ತರಿಗೆ,

ಮಾನ್ಯರೇ,

ದೇಶದ ಹುಟ್ಟು ಸಾವಿನ ಲೆಕ್ಕ ಕೊನೆಗೆ ನಿಮ್ಮ ಮೇಜಿಗೆ ಬರುತ್ತದೆ. ಆ ಲೆಕ್ಕ ಶುರುವಾಗುವ ಜಾಗದಲ್ಲಿ ನಾನು 34 ವರ್ಷ ಕೂತಿದ್ದೆ. ಕುಂದಾಪುರ ಕಡೆಯ ಒಂದು ಹೋಬಳಿಯಲ್ಲಿ ಗ್ರಾಮ ಲೆಕ್ಕಿಗನಾಗಿದ್ದೆ. ಪಹಣಿ, ಕಂದಾಯ, ಮಳೆಗೆ ಮನೆ ಬಿದ್ದವರ ಪರಿಹಾರ, ಚುನಾವಣೆ, ಇವೆಲ್ಲದರ ಜೊತೆಗೆ ಜನನ ಮರಣ ನೋಂದಣಿಯೂ ನಮ್ಮ ತಲೆ ಮೇಲೇ ಇತ್ತು. ಊರಿನ ಹಿರಿಯರು ಕೊನೆತನಕ ನನ್ನನ್ನು ‘ಶಾನುಭೋಗ್ರೆ’ ಎಂದೇ ಕರೆದರು.

ನಾನು ಬರೆಯಲು ಹೊರಟಿರುವುದು ಅಂಡಮಾನಿನ ಒಂಗೆ ಎಂಬ ಸಣ್ಣ ಬುಡಕಟ್ಟಿನ ಜನರ ಬಗ್ಗೆ, ಅವರ ಸಾವಿನ ಕಾರಣವನ್ನು ಬರೆದಿಡಿ ಎಂದು ಕೇಳಲು. ಅದಕ್ಕೆ ಮೊದಲು ನಾನೇ ಮಾಡಿದ ಒಂದು ತಪ್ಪನ್ನು ಹೇಳಬೇಕು. ಅದನ್ನು ಹೇಳದಿದ್ದರೆ ಈ ಪತ್ರ ಯಾಕೆ ಬರೆದೆ ಅನ್ನುವುದು ನಿಮಗೆ ಗೊತ್ತಾಗುವುದಿಲ್ಲ.

1987ರ ಮಳೆಗಾಲ. ಕೆಲಸ ಸಿಕ್ಕಿ ಮೂರು ವರ್ಷವಾಗಿತ್ತು. ಕಚೇರಿ ಅಂದರೆ ಹಂಚಿನ ಮಾಡಿನ ಒಂದು ಕೋಣೆ, ಎದುರಿಗೆ ಜಗಲಿ. ಕೊರಗ ಬುಡಕಟ್ಟಿನ ಒಬ್ಬ ಮನುಷ್ಯ ಬಂದ. ಬುಟ್ಟಿ ಹೆಣೆಯುವವನು. ಜಗಲಿ ಹತ್ತಲಿಲ್ಲ. ಮಾಡಿನ ನೀರು ಬೀಳುವ ಜಾಗದಿಂದ ಆಚೆ, ತಲೆ ಮೇಲೆ ಗೊರಬು ಹಾಕಿಕೊಂಡು ಅಂಗಳದಲ್ಲೇ ನಿಂತ. ಹತ್ತಿ ಬಾ ಎಂದು ನಾನೂ ಹೇಳಲಿಲ್ಲ.

“ಕೂಸ್ ಹೋಯ್ತ್ ಒಡೇರೆ” ಅಂದ.

“ಎಷ್ಟ್ ದಿನದ್ದ್?”

“ಎಂಟ್ ದಿನ.”

“ಎಂತ ಆಯ್ತ್?”

“ಹುಟ್ಟುವತಿಗೆ ಲಾಯ್ಕಿತ್ತ್. ನಾಕ್ ದಿನ ಹಾಲ್ ಕುಡೀತ್. ಮತ್ತ್ ಬಾಯಿ ಬಿಡ್ಲೇ ಇಲ್ಲ. ಮೈ ಬಿಲ್ಲಿನ್ ಹಾಂಗ್ ಬಗ್ಗಿತ್.”

ನಾನು ರಿಜಿಸ್ಟರ್ ತೆಗೆದೆ. ತಾರೀಖು ಹಾಕಿದೆ. ಹೆಸರಿನ ಜಾಗದಲ್ಲಿ ‘ಗಂಡು ಮಗು’ ಎಂದು ಬರೆದೆ, ಕೂಸಿಗೆ ಇನ್ನೂ ಹೆಸರಿಟ್ಟಿರಲಿಲ್ಲ. ಮರಣದ ಕಾರಣ ಎಂಬ ಕಾಲಂನಲ್ಲಿ ‘ಜ್ವರ’ ಎಂದು ಬರೆದೆ. ಜ್ವರ ಎಂಬ ಮಾತನ್ನು ಆ ಮನುಷ್ಯ ಹೇಳಿಯೇ ಇರಲಿಲ್ಲ. ಕೂಸುಗಳ ಸಾವಿಗೆಲ್ಲ ನಾವು ಹಾಗೇ ಬರೆಯುತ್ತಿದ್ದೆವು. ಮುದುಕರಾದರೆ ‘ವಯೋಸಹಜ’, ನಡುವಯಸ್ಸಿನವರಾದರೆ ‘ಹೃದಯಾಘಾತ’, ಮಕ್ಕಳಾದರೆ ‘ಜ್ವರ’. ಈ ಮೂರು ಪದಗಳಲ್ಲಿ ಇಡೀ ಹೋಬಳಿಯ ಸಾವು ಮುಗಿದುಹೋಗುತ್ತಿತ್ತು.

ಐದಾರು ವರ್ಷದ ಮೇಲೆ ತಾಲೂಕು ಕೇಂದ್ರದಲ್ಲಿ ನಮಗೊಂದು ತರಬೇತಿ ಇತ್ತು. ಒಬ್ಬರು ಡಾಕ್ಟರಮ್ಮ ಬಂದಿದ್ದರು. ಹಸುಗೂಸುಗಳಿಗೆ ಬರುವ ಧನುರ್ವಾಯು ಹೇಗಿರುತ್ತದೆ ಎಂದು ವಿವರಿಸಿದರು. ಹುಟ್ಟಿದಾಗ ಕೂಸು ಚೆನ್ನಾಗಿರುತ್ತದೆ, ಮೂರು ನಾಲ್ಕು ದಿನ ಹಾಲು ಕುಡಿಯುತ್ತದೆ, ಆಮೇಲೆ ದವಡೆ ಕಚ್ಚಿಕೊಳ್ಳುತ್ತದೆ, ಬೆನ್ನು ಬಾಗುತ್ತದೆ, ಒಂದು ವಾರದ ಆಚೀಚೆ ಹೋಗಿಬಿಡುತ್ತದೆ ಅಂದರು. ನನಗೆ ಕೂತಲ್ಲೇ ಮೈ ತಣ್ಣಗಾಯಿತು. ಧನುಸ್ಸು ಅಂದರೆ ಬಿಲ್ಲು. ಕಾಯಿಲೆಯ ಹೆಸರಿನಲ್ಲೇ ಇದೆ ಅಲ್ವಾ? ಓದು ಬರಹ ಬಾರದ ಆ ಅಪ್ಪ ಮಳೆಯಲ್ಲಿ ನಿಂತು ಕಾಯಿಲೆಯ ಹೆಸರನ್ನೇ ಬಿಡಿಸಿ ಹೇಳಿದ್ದ. ಓದಿದ ನಾನು ಅದನ್ನು ಅಳಿಸಿ ‘ಜ್ವರ’ ಎಂದು ಬರೆದಿದ್ದೆ.

ಬಸುರಿಗೆ ಎರಡು ಟಿ.ಟಿ. ಇಂಜೆಕ್ಷನ್, ಹೊಕ್ಕುಳಬಳ್ಳಿ ಕೊಯ್ಯಲು ಒಂದು ಹೊಸ ಬ್ಲೇಡು. ಅಷ್ಟು ಸಾಕಿತ್ತು. ನಾನು ಅವನು ಹೇಳಿದ್ದನ್ನು ಹೇಳಿದ ಹಾಗೆ ಬರೆದಿದ್ದರೆ, ಯಾರಾದರೂ ಓದುತ್ತಿದ್ದರೋ ಏನೋ, ನರ್ಸಮ್ಮ ಆ ಕೊಪ್ಪಿಗೆ, ಅಂದರೆ ಕೊರಗರ ಕೇರಿಗೆ, ಹೋಗುತ್ತಿದ್ದರೋ ಏನೋ. ಮಾರನೇ ವರ್ಷ ಅದೇ ಕೊಪ್ಪಿನಿಂದ ಇನ್ನೊಂದು ಕೂಸಿನ ಸಾವು ಬಂದಿತ್ತು. ಅದಕ್ಕೂ ‘ಜ್ವರ’ ಎಂದೇ ಬರೆದಿದ್ದೆ. 2015ರಲ್ಲಿ ನಮ್ಮ ದೇಶದಲ್ಲಿ ತಾಯಿ ಮಗುವಿನ ಧನುರ್ವಾಯು ನಿರ್ಮೂಲನೆಯಾಗಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದಾಗ ನಾನು ಪೇಪರ್ ಹಿಡಿದುಕೊಂಡು ತುಂಬ ಹೊತ್ತು ಸುಮ್ನೆ ಕೂತಿದ್ದೆ.

ಈಗ ಅಂಡಮಾನಿಗೆ ಬರುತ್ತೇನೆ.

ನಿವೃತ್ತಿಯಾದ ಮೇಲೆ ಮಗಳು, ಅಳಿಯ ಕೆಲಸದಲ್ಲಿದ್ದ ಪೋರ್ಟ್ ಬ್ಲೇರ್‌ನಲ್ಲಿ ಎರಡು ತಿಂಗಳು ಇದ್ದೆ. ಈಗ ಆ ಊರಿಗೆ ಶ್ರೀ ವಿಜಯಪುರಂ ಎಂದು ಹೆಸರು. ಲಿಟಲ್ ಅಂಡಮಾನ್ ದ್ವೀಪದ ಹಟ್ ಬೇಗೆ ಹೋಗುವ ಹಡಗು ಅಲ್ಲಿಂದಲೇ ಹೊರಡುತ್ತದೆ. ಜೆಟ್ಟಿಯಲ್ಲಿ ಅಕ್ಕಿ ಮೂಟೆ, ಕೋಳಿ ಪಂಜರ, ಸಿಮೆಂಟು ಹೊತ್ತು ಕಾಯುವ ಜನರನ್ನು ನೋಡುತ್ತಿದ್ದೆ. ಅದೇ ದ್ವೀಪದ ಇನ್ನೊಂದು ದಿಕ್ಕಿನಲ್ಲಿ ಡುಗಾಂಗ್ ಕ್ರೀಕ್ ಇದೆ, ಅಲ್ಲಿ ಒಂಗೆಯವರು ಇದ್ದಾರೆ, ಹೊರಗಿನವರು ಅಲ್ಲಿಗೆ ಹೋಗುವಂತಿಲ್ಲ ಎಂದು ಅಳಿಯ ಹೇಳಿದರು. ಹೋಗಬಾರದು ಅನ್ನುವುದು ಸರಿಯೇ. ನಾನು ಹೋಗಲಿಲ್ಲ. ಆದರೆ ಹಳೆ ಚಾಳಿ, ಅವರ ಸಂಖ್ಯೆ ಎಷ್ಟು ಎಂದು ಹುಡುಕಿದೆ. ನಿಮ್ಮದೇ ಜನಗಣತಿಯ ಅಂಕಿಗಳನ್ನು ಡೈರಿಯಲ್ಲಿ ಒಂದರ ಕೆಳಗೆ ಒಂದು ಬರೆದುಕೊಂಡೆ.

1901ರಲ್ಲಿ 672. 1911ರಲ್ಲಿ 631. 1921ರಲ್ಲಿ 346. 1931ರಲ್ಲಿ 250. ಸ್ವಾತಂತ್ರ್ಯ ಬಂದ ಮೇಲೆ 1951ರಲ್ಲಿ 150. ಆಮೇಲೆ 129, 112, 97. 1991ರಲ್ಲಿ 101. 2001ರಲ್ಲಿ 96. 2011ರಲ್ಲಿ 101.

ಹಳೆಯ ಎಣಿಕೆಗಳು ಅಂದಾಜಿನವು, ಒಪ್ಪುತ್ತೇನೆ. ಕಾಡಿನಲ್ಲಿ ಓಡಾಡುವವರನ್ನು ತಲೆ ಹಿಡಿದು ಎಣಿಸಲು ಆಗುತ್ತಿರಲಿಲ್ಲ. ಆದರೂ 631 ಇದ್ದದ್ದು ಹತ್ತು ವರ್ಷದಲ್ಲಿ 346 ಆಗಿದೆ. ಇದನ್ನು ನೋಡಿದಾಗ ಮರಣದ ರಿಜಿಸ್ಟರ್ ಬರೆದವನ ಕಣ್ಣು ತಾನಾಗಿಯೇ ಪಕ್ಕದ ಕಾಲಂಗೆ ಹೋಗುತ್ತದೆ. ಕಾರಣ? ಜನಗಣತಿಯ ಪಟ್ಟಿಯಲ್ಲಿ ಆ ಕಾಲಂ ಇಲ್ಲ. ಇಷ್ಟು ಜನ ಇದ್ದರು, ಈಗ ಇಷ್ಟು ಜನ ಇದ್ದಾರೆ, ಅಷ್ಟೇ. ನಡುವೆ ಏನಾಯಿತು ಅನ್ನುವುದಕ್ಕೆ ಜಾಗವೇ ಇಲ್ಲ.

ಪಕ್ಕದ ಗ್ರೇಟ್ ಅಂಡಮಾನಿನವರ ಕಥೆಯಲ್ಲಿ ಮಾತ್ರ ಕಾರಣ ಸ್ವಲ್ಪ ಸಿಗುತ್ತದೆ, ಯಾಕೆಂದರೆ ಬ್ರಿಟಿಷ್ ಅಧಿಕಾರಿಗಳು ಕೂತು ಬರೆದಿಟ್ಟರು. 1858ರಲ್ಲಿ ಅಲ್ಲಿ ಕೈದಿಗಳ ವಸಾಹತು ಶುರುವಾಯಿತು. ಆಗ ಕೆಲವು ಸಾವಿರ ಇದ್ದ ಗ್ರೇಟ್ ಅಂಡಮಾನೀಸ್ ಜನ 1901ಕ್ಕೆ 625, 1931ಕ್ಕೆ 90, 1961ಕ್ಕೆ 19. ಈಟಿ ಬಂದೂಕಿನ ಜಗಳದಲ್ಲಿ ಸತ್ತವರೂ ಇದ್ದಾರೆ, ಆದರೆ ರಾಶಿ ರಾಶಿಯಾಗಿ ಕೊಂದದ್ದು ಕಾಯಿಲೆ. 1876ರಲ್ಲಿ ಸಿಫಿಲಿಸ್ ಹರಡಿರುವುದು ಗೊತ್ತಾಯಿತು. 1877ರಲ್ಲಿ ದಡಾರ ಬಂತು. ಆ ಒಂದು ದಡಾರದಲ್ಲೇ ಅರ್ಧಕ್ಕೂ ಹೆಚ್ಚು ಜನ ಹೋದರು ಎಂದು ಆಗಿನ ಅಧಿಕಾರಿ ಪೋರ್ಟ್‌ಮನ್ ಅಂದಾಜು ಮಾಡಿ ಬರೆದಿದ್ದಾನೆ.

ದಡಾರ ಸಣ್ಣ ದ್ವೀಪದಲ್ಲಿ ತಾನಾಗಿ ಉಳಿಯುವ ಕಾಯಿಲೆ ಅಲ್ಲ. ಅದಕ್ಕೆ ದಿನವೂ ಹೊಸ ಹೊಸ ಮಕ್ಕಳು ಬೇಕು, ಅಂದರೆ ಲಕ್ಷಗಟ್ಟಲೆ ಜನ ಇರುವ ಊರು ಬೇಕು. ನೂರಿನ್ನೂರು ಜನರಲ್ಲಿ ಅದು ಒಂದು ಸುತ್ತು ಬಂದು ಆರಿಹೋಗುತ್ತದೆ. ಹಾಗಾಗಿ ದ್ವೀಪಕ್ಕೆ ದಡಾರ ಬಂತು ಅಂದರೆ ಯಾರೋ ಹೊರಗಿನಿಂದ ತಂದರು ಎಂದೇ ಅರ್ಥ. ಬಂದಾಗ ಮಾತ್ರ ಅಜ್ಜಿಯಿಂದ ಮೊಮ್ಮಗುವಿನವರೆಗೆ ಒಟ್ಟಿಗೆ ಮಲಗುತ್ತಾರೆ. ನೀರು ಕಾಯಿಸಿ ಕೊಡಲೂ ಒಬ್ಬರು ಎದ್ದಿರುವುದಿಲ್ಲ. 1846ರಲ್ಲಿ ಡೆನ್ಮಾರ್ಕಿನ ಫ್ಯಾರೋ ದ್ವೀಪಗಳಿಗೆ ದಡಾರ ಬಂದಾಗ ಸುಮಾರು 7,800 ಜನರಲ್ಲಿ 6,000 ಜನರಿಗೆ ಹಿಡಿಯಿತು. ಪೀಟರ್ ಪಾನುಮ್ ಎಂಬ ಎಳೆಯ ಡಾಕ್ಟರ್ ಹಳ್ಳಿಯಿಂದ ಹಳ್ಳಿಗೆ ಹೋಗಿ ಯಾರಿಗೆ ಯಾವ ದಿನ ಬಂತು, ಯಾರಿಂದ ಬಂತು ಎಂದು ಬರೆದುಕೊಂಡ. 65 ವರ್ಷದ ಹಿಂದೆ ಒಮ್ಮೆ ದಡಾರ ಕಂಡಿದ್ದ ಮುದುಕರಿಗೆ ಮತ್ತೆ ಬರಲಿಲ್ಲ ಅನ್ನುವುದು ಅವನ ನೋಟ್‌ಬುಕ್ಕಿನಿಂದಲೇ ಜಗತ್ತಿಗೆ ಗೊತ್ತಾದದ್ದು. ಬರೆದುಕೊಂಡಿದ್ದಕ್ಕೆ ಗೊತ್ತಾಯಿತು.

ಮಾನ್ಯರೇ, ಸಣ್ಣ ದ್ವೀಪದ ಸಾವನ್ನು ನಮ್ಮ ಮಾಮೂಲಿ ಲೆಕ್ಕದಲ್ಲಿ ಹಿಡಿಯಲು ಆಗುವುದಿಲ್ಲ. ಅದಕ್ಕೆ 2008ನ್ನೇ ನೋಡಿ.

ಅದಕ್ಕೂ ನಾಲ್ಕು ವರ್ಷ ಮೊದಲು, 2004ರ ಡಿಸೆಂಬರ್ 26ರಂದು ಸುನಾಮಿ ಬಂತು. ಕಾರ್ ನಿಕೋಬಾರ್‌ನಲ್ಲಿ ಊರಿಗೆ ಊರೇ ಕೊಚ್ಚಿಹೋಯಿತು. ಲಿಟಲ್ ಅಂಡಮಾನಿಗೂ ಅಲೆ ಬಡಿಯಿತು. ಆದರೆ ಸಮುದ್ರದ ನೀರು ಹಿಂದೆ ಸರಿದದ್ದನ್ನು ನೋಡಿ ಒಂಗೆಯವರು ಎತ್ತರದ ಕಾಡಿಗೆ ಹೋಗಿ ಉಳಿದುಕೊಂಡರು ಎಂದು ಆಗ ಪತ್ರಿಕೆಗಳಲ್ಲೆಲ್ಲ ಬಂತು. ಅವರ ಹಿರಿಯರಿಗೆ ಸಮುದ್ರದ ಮಾತು ಗೊತ್ತಿತ್ತು.

2008ರ ಡಿಸೆಂಬರ್‌ನಲ್ಲಿ ಡುಗಾಂಗ್ ಕ್ರೀಕ್‌ನ ದಡಕ್ಕೆ ಒಂದು ಪ್ಲಾಸ್ಟಿಕ್ ಕ್ಯಾನ್ ತೇಲಿ ಬಂತು. ಒಳಗೆ ಏನೋ ದ್ರವ ಇತ್ತು. ಸಾರಾಯಿ ಇರಬೇಕು ಅಂದುಕೊಂಡು ಕುಡಿದರು. ಎಂಟು ಜನ ಸತ್ತರು. ಇನ್ನಷ್ಟು ಜನ ಆಸ್ಪತ್ರೆ ಸೇರಿದರು. ಅದರಲ್ಲಿ ಮೆಥನಾಲ್ ಇದ್ದಿರಬೇಕು ಎಂದು ಆಗ ವರದಿಯಾಯಿತು. ಅಷ್ಟು ದೊಡ್ಡ ಅಲೆ ಮುಟ್ಟದ ಜನರನ್ನು ಒಂದು ಕ್ಯಾನ್ ಮುಟ್ಟಿತು.

ಈಗ ಲೆಕ್ಕ ಹಾಕೋಣ. 2001ರ ಎಣಿಕೆಯ ಪ್ರಕಾರ ಅವರು 96 ಜನ. ಅದರಲ್ಲಿ ಎಂಟು ಅಂದರೆ ಸಾವಿರಕ್ಕೆ 83. ಆ ವರ್ಷ ಇಡೀ ದೇಶದ ಮರಣ ದರ ಸಾವಿರಕ್ಕೆ 7.4. ಹನ್ನೊಂದು ಪಟ್ಟು ಜಾಸ್ತಿ. ಕರ್ನಾಟಕಕ್ಕೆ ಹೋಲಿಸಿ ಹೇಳಬೇಕೆಂದರೆ, 2011ರಲ್ಲಿ ನಾವು 6.11 ಕೋಟಿ ಇದ್ದೆವು. ನಮ್ಮಲ್ಲಿ ಇದೇ ಪ್ರಮಾಣದಲ್ಲಿ ಸಾವು ಆಗಿದ್ದರೆ ಐವತ್ತು ಲಕ್ಷ ಜನ. ಒಂದೇ ಘಟನೆಯಲ್ಲಿ ಐವತ್ತು ಲಕ್ಷ! ಮಂಗಳೂರು, ಮೈಸೂರು, ಹುಬ್ಬಳ್ಳಿ, ಬೆಳಗಾವಿ ಎಲ್ಲವನ್ನೂ ಸೇರಿಸಿದರೂ ಸಾಲುವುದಿಲ್ಲ.

ಇದೇ ದರವನ್ನು ಇನ್ನೊಂದು ವರ್ಷಕ್ಕೆ ನೋಡಿದರೆ? ನೂರು ಜನರಲ್ಲಿ ಒಂದು ವರ್ಷ ಯಾರೂ ಸಾಯದೇ ಇರಬಹುದು. ಆಗ ಮರಣ ದರ ಸೊನ್ನೆ. ದಾಖಲೆ ನೋಡಿದವರಿಗೆ ಇವರಷ್ಟು ಆರೋಗ್ಯವಂತರು ಜಗತ್ತಿನಲ್ಲೇ ಇಲ್ಲ ಅನಿಸುತ್ತದೆ. ಒಬ್ಬ ಅಜ್ಜ ತೀರಿಕೊಂಡರೆ ದರ ಹತ್ತು, ಅಜ್ಜಿಯೂ ತೀರಿಕೊಂಡರೆ ಇಪ್ಪತ್ತು. ಲಕ್ಷಗಟ್ಟಲೆ ಜನರ ಜಿಲ್ಲೆಗೆ ಈ ದರ ಎಂಬುದು ಒಳ್ಳೆಯ ಅಳತೆಗೋಲು. ನೂರು ಜನರಿಗೆ ಅದು ಗಾಳಿಗೆ ಸಿಕ್ಕ ಗಾಳಿಪಟದ ಹಾಗೆ, ಮೇಲೆ ಕೆಳಗೆ ಆಡುತ್ತದೆ, ಏನನ್ನೂ ಹೇಳುವುದಿಲ್ಲ. ನಿಮ್ಮ ಸ್ಯಾಂಪಲ್ ರಿಜಿಸ್ಟ್ರೇಷನ್ ಪದ್ಧತಿ ದೇಶಕ್ಕೆ ದೊಡ್ಡ ಉಪಕಾರ ಮಾಡಿದೆ, ಮನೆಯವರನ್ನು ಕೇಳಿ ಸಾವಿನ ಕಾರಣ ತಿಳಿದುಕೊಳ್ಳುವ ಕೆಲಸವೂ ಅದರಲ್ಲಿ ನಡೆದಿದೆ. ಆದರೆ ಮಾದರಿ ಎತ್ತಿ ಅಳೆಯುವ ಜರಡಿಯಲ್ಲಿ ನೂರು ಜನರ ಗುಂಪು ನಿಲ್ಲುವುದೇ ಇಲ್ಲ, ಕೆಳಗೆ ಬಿದ್ದುಹೋಗುತ್ತದೆ. ನಿಂತರೂ ಕೇಂದ್ರಾಡಳಿತ ಪ್ರದೇಶದ ಒಟ್ಟು ಅಂಕಿಯೊಳಗೆ ಕರಗಿಹೋಗುತ್ತದೆ.

ಹಾಗಾದರೆ ನೂರು ಜನರಿಗೆ ಯಾವ ಲೆಕ್ಕ? ಒಂದೊಂದು ಸಾವನ್ನೂ ಕೂತು ಕೇಳುವ ಲೆಕ್ಕ. ಅದು ಕಷ್ಟವೂ ಅಲ್ಲ. ಐವತ್ತು ಲಕ್ಷ ಸಾವಿನ ಕಾರಣ ಕೇಳಲು ಸೈನ್ಯವೇ ಬೇಕು. ವರ್ಷಕ್ಕೆ ಒಂದೋ ಎರಡೋ ಮೂರೋ ಸಾವಿನ ಕಾರಣ ಕೇಳಲು ತಾಳ್ಮೆ ಇರುವ ಒಬ್ಬ ಮನುಷ್ಯ ಸಾಕು.

ಇಂಥ ಲೆಕ್ಕ ಕೂಸುಗಳನ್ನು ಉಳಿಸಿದ ಒಂದು ದ್ವೀಪದ ಕಥೆ ಹೇಳುತ್ತೇನೆ. ಮಗಳ ಮೊಬೈಲಿನಲ್ಲಿ ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಸ್ಕಾಟ್ಲೆಂಡಿನ ಪಶ್ಚಿಮಕ್ಕೆ, ಅಟ್ಲಾಂಟಿಕ್ ಸಾಗರದ ನಡುವೆ ಸೇಂಟ್ ಕಿಲ್ಡಾ ಎಂಬ ದ್ವೀಪಗಳಿವೆ. 19ನೇ ಶತಮಾನದ ಕೊನೆಗೆ ಅಲ್ಲಿ ಎಪ್ಪತ್ತು ಎಂಬತ್ತು ಜನ. ಕಡಿದಾದ ಬಂಡೆಗೆ ಹಗ್ಗ ಕಟ್ಟಿ ಇಳಿದು ಕಡಲಹಕ್ಕಿ ಹಿಡಿದು ಬದುಕುವವರು. ಬಂಡೆಯಿಂದ ಬಿದ್ದು ಸಾಯುತ್ತಿದ್ದರು, ದೋಣಿ ಮಗುಚಿ ಸಾಯುತ್ತಿದ್ದರು. ಅದನ್ನೆಲ್ಲ ಮೀರಿಸಿದ್ದು ಕೂಸುಗಳ ಸಾವು. ಹುಟ್ಟಿದ ಕೂಸುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಒಂದೆರಡು ವಾರದಲ್ಲಿ ಹೋಗುತ್ತಿದ್ದವು. ಹುಟ್ಟಿದಾಗ ಚೆನ್ನಾಗಿರುತ್ತಿದ್ದವು, ಆಮೇಲೆ ಮೊಲೆ ಬಿಡುತ್ತಿದ್ದವು, ದವಡೆ ಕಚ್ಚಿಕೊಳ್ಳುತ್ತಿತ್ತು. ಅಲ್ಲಿನ ಜನ ಅದನ್ನು ‘ಎಂಟು ದಿನದ ಕಾಯಿಲೆ’ ಅನ್ನುತ್ತಿದ್ದರು.

ಎಂಟು ದಿನ. ನನ್ನ ಅಂಗಳದಲ್ಲಿ ನಿಂತವನು ಹೇಳಿದ್ದೂ ಅದೇ.

ಆ ದ್ವೀಪದಲ್ಲಿ ಚರ್ಚಿನ ಪಾದ್ರಿ 1830ರಿಂದ ಹುಟ್ಟು ಸಾವಿನ ಪುಸ್ತಕ ಬರೆದಿಡಲು ಶುರು ಮಾಡಿದ್ದರು. ಯಾವ ಕೂಸು ಎಂದು ಹುಟ್ಟಿತು, ಎಷ್ಟನೇ ದಿನಕ್ಕೆ ಹೋಯಿತು ಎಂದು ಅದರಲ್ಲಿತ್ತು. ದೇವರ ಇಚ್ಛೆ ಎಂದು ಜನ ಕೈಚೆಲ್ಲಿದ್ದರು. 1889ರಲ್ಲಿ ಆಂಗಸ್ ಫಿಡೆಸ್ ಎಂಬ ಪಾದ್ರಿ ಬಂದರು. ಅವರು ಕೈಚೆಲ್ಲಲಿಲ್ಲ. ಗ್ಲಾಸ್ಗೋಗೆ ಹೋಗಿ ಹೆರಿಗೆ ಮಾಡಿಸುವುದನ್ನು, ಹೊಕ್ಕುಳನ್ನು ಶುದ್ಧವಾಗಿಡುವುದನ್ನು ಕಲಿತು ಬಂದರು. ಸೂಲಗಿತ್ತಿಯರನ್ನು ಒಪ್ಪಿಸಲು ಕಷ್ಟಪಟ್ಟರು. ಅಲ್ಲಿ ಎಂಟು ದಿನದ ಕಾಯಿಲೆಗೆ ಕೊನೆಯ ಕೂಸು ಹೋದದ್ದು 1891ರಲ್ಲಿ. ಟಿ.ಟಿ. ಇಂಜೆಕ್ಷನ್ ಇನ್ನೂ ಇರಲಿಲ್ಲ. ಇದ್ದದ್ದು ಬಿಸಿನೀರು, ಕ್ರಿಮಿನಾಶಕ, ಬಟ್ಟೆ, ಮತ್ತೆ ಕೂಸು ಎಷ್ಟನೇ ದಿನಕ್ಕೆ ಹೋಯಿತು ಎಂದು ಹೇಳುವ ಒಂದು ಪುಸ್ತಕ.

ನಾನು ‘ಜ್ವರ’ ಎಂದು ಬರೆದದ್ದು ಅದಾಗಿ 96 ವರ್ಷದ ಮೇಲೆ.

ಆ ದ್ವೀಪ ಆಮೇಲೆ ಖಾಲಿಯಾಯಿತು, ನಿಜ. ಎಳೆಯರು ಊರು ಬಿಟ್ಟರು. 1930ರ ಆಗಸ್ಟ್ 29ರಂದು ಉಳಿದ 36 ಜನರೂ ಹಡಗು ಹತ್ತಿದರು. ಸಾವನ್ನು ತಡೆದ ಮಾತ್ರಕ್ಕೆ ಊರು ಉಳಿಯುತ್ತದೆ ಎಂದು ನಾನು ಹೇಳುತ್ತಿಲ್ಲ. ಆದರೆ ಆ ಹಡಗು ಹತ್ತಿದವರು ಬದುಕಿರುವವರು.

ಒಂಗೆಯವರ ವಿಷಯದಲ್ಲಿ ನಮ್ಮ ಸರ್ಕಾರ ಏನೂ ಮಾಡಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. 1956ರಲ್ಲೇ ಅವರನ್ನು ಕಾಪಾಡಲು ಕಾನೂನು ಬಂತು. 1957ರಲ್ಲಿ ಲಿಟಲ್ ಅಂಡಮಾನ್ ಬುಡಕಟ್ಟಿನವರ ಮೀಸಲು ಪ್ರದೇಶವಾಯಿತು. ಆಮೇಲೆ ಅದೇ ದ್ವೀಪಕ್ಕೆ ಹೊರಗಿನವರನ್ನು ತಂದು ನೆಲೆಗೊಳಿಸಿದ್ದೂ ಸರ್ಕಾರವೇ. ಕಾಡು ಕಡಿದರು, ತಾಳೆ ತೋಟ ಹಾಕಿದರು. ಹಂದಿ, ಮೀನು, ಆಮೆ, ಜೇನು ತಿನ್ನುತ್ತಿದ್ದವರಿಗೆ ಅಕ್ಕಿ, ಬೇಳೆ, ಸಕ್ಕರೆ, ಹಾಲಿನ ಪುಡಿಯ ರೇಷನ್ ಬಂತು. ಮಕ್ಕಳಾಗದ ದಂಪತಿಗಳು ಅವರಲ್ಲಿ ಜಾಸ್ತಿ ಎಂದು ಅಧ್ಯಯನ ಮಾಡಿದವರು ಬಹಳ ಹಿಂದೆಯೇ ಬರೆದಿದ್ದಾರೆ. ಈಗ ಆದಿಮ ಜನಜಾತಿ ವಿಕಾಸ ಸಮಿತಿಯ ಸಿಬ್ಬಂದಿ ಅಲ್ಲಿದ್ದಾರೆ. ಈಚಿನ ವರ್ಷಗಳಲ್ಲಿ ಡುಗಾಂಗ್ ಕ್ರೀಕ್‌ನಲ್ಲಿ ಕೂಸು ಹುಟ್ಟಿದ ಸುದ್ದಿ ಪೇಪರಿನಲ್ಲಿ ಬರುತ್ತದೆ, ಓದಿದಾಗ ನಮ್ಮ ಮನೆಯಲ್ಲೇ ತೊಟ್ಟಿಲು ಕಟ್ಟಿದಷ್ಟು ಖುಷಿಯಾಗುತ್ತದೆ.

ಮನಸ್ಸು ಮಾಡಿದರೆ ಆಗುತ್ತದೆ ಎಂದು ತೋರಿಸಿದ್ದೂ ಅಲ್ಲಿನವರೇ. 1999ರಲ್ಲಿ ಅಂಡಮಾನಿನ ಇನ್ನೊಂದು ಬುಡಕಟ್ಟಾದ ಜಾರವಾ ಜನರಿಗೆ ದಡಾರ ಬಂದಾಗ ಆಸ್ಪತ್ರೆಗೆ ತಂದು ಚಿಕಿತ್ಸೆ ಕೊಟ್ಟರು. 1877 ಮತ್ತೆ ಆಗಲಿಲ್ಲ. 2001ರಲ್ಲಿ 240 ಇದ್ದ ಜಾರವಾ ಜನ 2011ಕ್ಕೆ 380 ಆದರು. 2020ರ ಆಗಸ್ಟ್‌ನಲ್ಲಿ ಗ್ರೇಟ್ ಅಂಡಮಾನೀಸ್ ಜನರಲ್ಲಿ ಹತ್ತು ಮಂದಿಗೆ ಕೊರೊನಾ ಎಂದು ಗೊತ್ತಾಯಿತು. ಒಟ್ಟು ಐವತ್ತರ ಆಸುಪಾಸಿನ ಜನರಲ್ಲಿ ಹತ್ತು! ಗೊತ್ತಾದದ್ದು ಯಾಕೆ? ತಂಡ ಹೋಗಿ ಒಬ್ಬೊಬ್ಬರನ್ನೂ ಪರೀಕ್ಷೆ ಮಾಡಿತು, ಅದಕ್ಕೆ.

2027ರ ಜನಗಣತಿ ಬಂದಿದೆ. 2021ರದ್ದು ನಡೆಯಲಿಲ್ಲ, ಹಾಗಾಗಿ 2011ರ ನಂತರ ಇದೇ ಮೊದಲು. ನಿಮ್ಮ ನೌಕರರು ಡುಗಾಂಗ್ ಕ್ರೀಕ್‌ಗೂ ಹೋಗುತ್ತಾರೆ. ಮೊಬೈಲಿನಲ್ಲಿ ತಲೆ ಎಣಿಸಿಕೊಂಡು ಬರುತ್ತಾರೆ. ಹೊಸ ಸಂಖ್ಯೆ ಬರುತ್ತದೆ, ಪೇಪರಿನಲ್ಲಿ ಬರುತ್ತದೆ. ಅದರ ಜೊತೆಗೆ ಕಳೆದ 16 ವರ್ಷದಲ್ಲಿ ಅಲ್ಲಿ ಯಾರು ಯಾರು, ಯಾವ ವಯಸ್ಸಿನಲ್ಲಿ, ಯಾತರಿಂದ ಹೋದರು ಅನ್ನುವುದೂ ಬರಬೇಕು ಎಂದು ಕೇಳಲು ಈ ಪತ್ರ ಬರೆಯುತ್ತಿದ್ದೇನೆ.

ಇದಕ್ಕೆ ಹೊಸ ಕಾನೂನು ಬೇಕಿಲ್ಲ. 1969ರ ಜನನ ಮರಣ ನೋಂದಣಿ ಕಾಯ್ದೆ ಡುಗಾಂಗ್ ಕ್ರೀಕ್‌ಗೂ ಅನ್ವಯಿಸುತ್ತದೆ. 2023ರ ತಿದ್ದುಪಡಿ ಸಾವಿನ ಕಾರಣದ ಪ್ರಮಾಣಪತ್ರವನ್ನು ಇನ್ನೂ ಬಿಗಿ ಮಾಡಿದೆ. ಆದರೂ ಇಡೀ ದೇಶದಲ್ಲಿ ಡಾಕ್ಟರ್ ಕಾರಣ ಬರೆದುಕೊಟ್ಟ ಸಾವುಗಳು ನೋಂದಣಿಯಾದವುಗಳಲ್ಲಿ ನಾಲ್ಕನೇ ಒಂದು ಭಾಗವೂ ಇಲ್ಲ ಎಂದು ನಿಮ್ಮ ಕಚೇರಿಯ ವರದಿಗಳೇ ಹೇಳುತ್ತವೆ. ಬಯಲುಸೀಮೆಯ ಹಳ್ಳಿಯಲ್ಲೇ ಹೀಗಾದರೆ, ಕಾಡಿನಲ್ಲಿ ಮನೆಯೊಳಗೆ ತೀರಿಕೊಂಡ ಒಂಗೆ ಅಜ್ಜಿಯ ಕಾರಣವನ್ನು ಯಾರು ಕೇಳಿದರು?

ಒಂದು ಎಚ್ಚರಿಕೆಯೂ ಇದೆ. ನೂರು ಜನರಲ್ಲಿ ‘35 ವರ್ಷದ ಹೆಂಗಸು, ಕ್ಷಯ’ ಎಂದು ಪ್ರಕಟಿಸಿದರೆ ಅದು ಯಾರು ಎಂದು ಎಲ್ಲರಿಗೂ ತಿಳಿದುಬಿಡುತ್ತದೆ. ಹೆಸರು ಬರೆಯದಿದ್ದರೂ ಬರೆದ ಹಾಗೆ. ಆದ್ದರಿಂದ ಹತ್ತು ವರ್ಷದ್ದನ್ನು ಒಟ್ಟು ಸೇರಿಸಿ, ವಯಸ್ಸನ್ನು ಕೂಸು, ಎಳೆಯರು, ನಡುವಯಸ್ಸು, ಮುದುಕರು ಎಂದಷ್ಟೇ ಮಾಡಿ, ಕಾರಣವನ್ನು ಸೋಂಕು, ಹೆರಿಗೆ, ಅಪಘಾತ, ವಿಷ ಎಂದು ದೊಡ್ಡ ಗುಂಪುಗಳಲ್ಲಿ ಕೊಡಬಹುದು. ಪೂರ್ತಿ ವಿವರ ಅಲ್ಲಿನ ಡಾಕ್ಟರ್ ಹತ್ತಿರ, ಒಂಗೆ ಹಿರಿಯರ ಹತ್ತಿರ ಇರಲಿ. ಅವರ ಸಾವಿನ ಲೆಕ್ಕ ಮೊದಲು ಅವರಿಗೇ ಗೊತ್ತಾಗಬೇಕು.

ಹೊರಗಿನವರನ್ನು ಹತ್ತಿರ ಸೇರಿಸದ ಸೆಂಟಿನಲ್ ದ್ವೀಪದ ಬುಡಕಟ್ಟಿನವರ ಹತ್ತಿರ ಮಾತ್ರ ಯಾರೂ ಹೋಗಬಾರದು. 2001ರಲ್ಲಿ 39, 2011ರಲ್ಲಿ 15 ಎಂದು ಬರೆದಿದೆ. ಅದು ದೂರದಿಂದ ದಡದಲ್ಲಿ ಕಂಡವರ ಸಂಖ್ಯೆ. ಅವರ ಕಾಲಂ ಖಾಲಿಯೇ ಇರಲಿ. ಅದನ್ನು ತುಂಬಲು ಹೋದರೆ ನಮ್ಮ ಕೆಮ್ಮು ನೆಗಡಿಯೂ ಜೊತೆಗೆ ದಡ ಹತ್ತುತ್ತದೆ.

ಶೋಂಪೆನ್ ಜನರ ವಿಷಯಕ್ಕೆ ತುರ್ತಿದೆ. ಗ್ರೇಟ್ ನಿಕೋಬಾರ್‌ನಲ್ಲಿ 2011ರಲ್ಲಿ ಅವರು 229 ಜನ. ಆ ದ್ವೀಪದಲ್ಲಿ ಬಂದರು, ವಿಮಾನ ನಿಲ್ದಾಣ, ಪೇಟೆ ಕಟ್ಟುವ ಯೋಜನೆಗೆ 2022ರಲ್ಲಿ ಪರಿಸರ ಅನುಮತಿ ಸಿಕ್ಕಿದೆ. ಈಗ ಸುಮಾರು 8 ಸಾವಿರ ಜನ ಇರುವ ದ್ವೀಪಕ್ಕೆ ಮುಂದೆ ಮೂರೂವರೆ ಲಕ್ಷ ಜನ ಬರುವ ಲೆಕ್ಕ ಆ ಯೋಜನೆಯಲ್ಲಿದೆ. ಮೂರೂವರೆ ಲಕ್ಷ ಜನ ಅಂದರೆ ದಡಾರ ಆರದೆ ಉಳಿಯುವಷ್ಟು ದೊಡ್ಡ ಊರು. ಯೋಜನೆ ಬೇಕೋ ಬೇಡವೋ ಅನ್ನುವ ಚರ್ಚೆಯಲ್ಲಿ ನನ್ನ ಮನಸ್ಸು ಬೇಡ ಅನ್ನುವವರ ಕಡೆಗಿದೆ. ಆದರೆ ಬೇಕು ಅನ್ನುವವರೂ ಒಪ್ಪುವ ಮಾತು ಒಂದಿದೆ. ಮೊದಲ ಮರ ಬೀಳುವುದಕ್ಕೆ ಮುಂಚೆ ಅಲ್ಲಿನ ಸಾವು ಎಷ್ಟು, ಯಾತರಿಂದ ಎಂದು ಬರೆದಿಡಬೇಕು. ಇಲ್ಲದಿದ್ದರೆ 2037ರಲ್ಲಿ ಯಾರೋ ನನ್ನ ಹಾಗೆ ಡೈರಿಯಲ್ಲಿ ಅಂಕಿಗಳನ್ನು ಒಂದರ ಕೆಳಗೆ ಒಂದು ಬರೆದುಕೊಂಡು, ಪಕ್ಕದ ಕಾಲಂ ಹುಡುಕುತ್ತಾ ಕೂತಿರುತ್ತಾರೆ.

ಇದು ದೂರದ ಸಮುದ್ರದ ಮಾತು ಮಾತ್ರ ಅಲ್ಲ ಎಂದು ನಮ್ಮ ಕಡೆಯ ಓದುಗರಿಗೂ ಹೇಳಬೇಕು. ಕೇಂದ್ರ ಸರ್ಕಾರದ 75 ವಿಶೇಷ ದುರ್ಬಲ ಬುಡಕಟ್ಟುಗಳ ಪಟ್ಟಿಯಲ್ಲಿ ಒಂಗೆ, ಶೋಂಪೆನ್ ಇರುವ ಹಾಗೆಯೇ ನಮ್ಮ ಕೊರಗರೂ ಇದ್ದಾರೆ, ಜೇನು ಕುರುಬರೂ ಇದ್ದಾರೆ. ಸುತ್ತ ನೀರಿಲ್ಲದಿದ್ದರೂ ನಾನು ಹೇಳಿದ ಆ ಕೊಪ್ಪು ಒಂದು ದ್ವೀಪವೇ ಆಗಿತ್ತು. ನಮ್ಮ ಕಚೇರಿಯಿಂದ ಅಲ್ಲಿಗೆ ಒಂದೂವರೆ ಮೈಲಿ. ಅಷ್ಟು ವರ್ಷದಲ್ಲಿ ಸಾವಿನ ವಿಚಾರಕ್ಕೆ ನಾನು ಒಮ್ಮೆಯೂ ನಡೆದುಕೊಂಡು ಹೋಗಲಿಲ್ಲ.

ಕೊನೆಯದಾಗಿ ಒಂದು ಸಣ್ಣ ಕೋರಿಕೆ. ಡುಗಾಂಗ್ ಕ್ರೀಕ್‌ನಲ್ಲಿ ಯಾರಾದರೂ ತೀರಿಕೊಂಡಾಗ ಬರೆಯುವ ಫಾರಂನಲ್ಲಿ, ಕಾರಣದ ಕಾಲಂ ಕೆಳಗೆ, ಇನ್ನೂ ನಾಲ್ಕು ಸಾಲು ಜಾಗ ಬಿಡಿಸಿ. ಡಾಕ್ಟರ್ ತಮ್ಮ ಕಾಲಂ ತುಂಬಲಿ, ಬೇಡ ಅನ್ನುವುದಿಲ್ಲ. ಈ ನಾಲ್ಕು ಸಾಲು ಮನೆಯವರಿಗೆ. ಒಂಗೆ ಭಾಷೆ ಬಲ್ಲ ಒಬ್ಬರು ಪಕ್ಕದಲ್ಲಿ ಕೂತು ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಳ್ಳಲಿ. ಎಷ್ಟು ದಿನ ಮಲಗಿದ್ದರು, ಏನು ತಿಂದರು, ಯಾವಾಗ ತಿನ್ನುವುದು ಬಿಟ್ಟರು, ಮೈ ಹೇಗಿತ್ತು ಎಂದು. ‘ಬಿಲ್ಲಿನ ಹಾಗೆ’ ಅಂದರೆ ಬಿಲ್ಲಿನ ಹಾಗೆ ಎಂದೇ ಬರೆಯಲಿ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಗ್ರಾಮ ಲೆಕ್ಕಿಗ
ಕುಂದಾಪುರ ತಾಲೂಕು, ಉಡುಪಿ ಜಿಲ್ಲೆ